ವಿಳಾಸ ಸಿಕ್ಕಿತು, ವಿದ್ಯಾರ್ಥಿ ಸಿಕ್ಕಿದನೇ?

ಶಿಕ್ಷಕ ಮಿತ್ರರೇ, ಪೋಷಕರೇ, ನಮಸ್ಕಾರ.

ಕಾಲೇಜಿನ ವೈಫೈನಲ್ಲಿ ಯಾರೋ ಒಬ್ಬರು ಪೈರೇಟೆಡ್ ಸಿನಿಮಾ ಇಳಿಸಿಕೊಂಡರು ಅನ್ನಿ. ಸಂಸ್ಥೆಗೆ ಅದು ಗೊತ್ತಾಗುವುದು ಹೇಗೆ? ಒಳಗೆಲ್ಲೋ ಒಬ್ಬರು ಕೂತು ಒಂದೊಂದು ಕ್ಲಿಕ್ಕನ್ನೂ ನೋಡುತ್ತಿರುತ್ತಾರೆ ಎಂದು ಮಕ್ಕಳು ನಂಬಿದ್ದಾರೆ, ದೊಡ್ಡವರಲ್ಲೂ ಅನೇಕರು ನಂಬಿದ್ದಾರೆ. ಆದರೆ ಎಷ್ಟೋ ಸಲ ದೂರು ಬರುವುದೇ ಹೊರಗಿನಿಂದ.

ಬಿಟ್‌ಟೊರೆಂಟನ್ನೇ ತೆಗೆದುಕೊಳ್ಳಿ. 2001ರಲ್ಲಿ ಬ್ರಾಮ್ ಕೋಹೆನ್ ರೂಪಿಸಿದ, ಫೈಲು ಹಂಚಿಕೊಳ್ಳುವ ಈ ವಿಧಾನದಲ್ಲಿ ಫೈಲು ಚೂರು ಚೂರಾಗಿ ಬರುತ್ತದೆ. ಒಂದು ಚೂರು ಕೈಸೇರಿದ ಕೂಡಲೇ ನಮ್ಮ ಕಂಪ್ಯೂಟರ್ ಅದನ್ನು ಮಿಕ್ಕವರಿಗೆ ಹಂಚತೊಡಗುತ್ತದೆ. "ನಾನು ಬರೀ ಇಳಿಸಿಕೊಂಡೆ ಸಾರ್, ಯಾರಿಗೂ ಕೊಟ್ಟಿಲ್ಲ" ಎನ್ನುವ ಹುಡುಗ ಸುಳ್ಳು ಹೇಳುತ್ತಿರುವುದಿಲ್ಲ, ತಾನು ಹಂಚಿದ್ದು ಅವನಿಗೇ ತಿಳಿದಿರುವುದಿಲ್ಲ. ಒಂದೇ ಫೈಲನ್ನು ಹೀಗೆ ಹಂಚಿಕೊಳ್ಳುವವರೆಲ್ಲ ಒಂದು ಗುಂಪು; ಅವರ ಐಪಿ ವಿಳಾಸ, ಅಂದರೆ ಇಂಟರ್‌ನೆಟ್‌ನಲ್ಲಿ ಅವರ ಸಂಪರ್ಕವನ್ನು ಗುರುತಿಸುವ ಸಂಖ್ಯೆ, ಗುಂಪಿಗೆ ಸೇರಿದ ಯಾರಿಗಾದರೂ ಕಾಣುತ್ತದೆ. ಹಕ್ಕುದಾರರ ಪರವಾಗಿ ಕೆಲಸ ಮಾಡುವ ಕಂಪನಿಗಳು ತಾವೂ ಅಲ್ಲಿಗೆ ಸೇರಿ, ವಿಳಾಸ, ಸಮಯ, ಫೈಲಿನ ಗುರುತು ಬರೆದುಕೊಳ್ಳುತ್ತವೆ. ಆ ವಿಳಾಸ ಯಾವ ಸಂಸ್ಥೆಯದೋ ಅದಕ್ಕೆ ನೋಟಿಸ್ ಹೋಗುತ್ತದೆ.

ಸಂಸ್ಥೆಯ ಕೆಲಸ ಶುರುವಾಗುವುದು ಇಲ್ಲಿ, ಎಡವುವುದೂ ಇಲ್ಲೇ. ಕ್ಯಾಂಪಸ್ಸಿನೊಳಗೆ ಸಾವಿರ ಜನ ಇದ್ದರೂ ಹೊರಜಗತ್ತಿಗೆ ಕಾಣುವ ವಿಳಾಸಗಳು ಬೆರಳೆಣಿಕೆಯಷ್ಟೇ ಇರಬಹುದು. ಆ ಕ್ಷಣದಲ್ಲಿ ಆ ವಿಳಾಸದ ಹಿಂದೆ ಕ್ಯಾಂಪಸ್ಸಿನೊಳಗಷ್ಟೇ ನಡೆಯುವ ಯಾವ ಒಳವಿಳಾಸ ಇತ್ತು ಎಂದು, ಒಳಗೂ ಹೊರಗೂ ನಡುವೆ ಕಾವಲಿರುವ ಫೈರ್‌ವಾಲಿನ ಲಾಗ್, ಅಂದರೆ ದಾಖಲೆ, ನೋಡಬೇಕು. ಆ ಒಳವಿಳಾಸ ಆಗ ಯಾವ ಲ್ಯಾಪ್‌ಟಾಪಿಗೆ ಕೊಟ್ಟದ್ದು ಎಂದು, ಒಳವಿಳಾಸಗಳನ್ನು ಹಂಚುವ ಡಿಎಚ್‌ಸಿಪಿ ವ್ಯವಸ್ಥೆಯ ಲಾಗ್ ನೋಡಬೇಕು. ಅದು ಯಾರ ಲಾಗಿನ್ ಎಂದು ವೈಫೈ ದಾಖಲೆ ನೋಡಬೇಕು. ಮೂರೂ ಕಡೆ ಗಡಿಯಾರ ಒಂದೇ ಸಮಯ ತೋರಿಸುತ್ತಿರಬೇಕು. ನೋಟಿಸಿನಲ್ಲಿ ಗ್ರೀನ್‌ವಿಚ್ ಸಮಯ ಇದ್ದು ನಾವು ಅದನ್ನು ಸ್ಥಳೀಯ ಸಮಯ ಎಂದು ಓದಿದೆವೋ, ಆ ಹೊತ್ತಿಗೆ ಅದೇ ಒಳವಿಳಾಸ ಪಡೆದಿದ್ದ ಬೇರೊಬ್ಬ ವಿದ್ಯಾರ್ಥಿ ಪ್ರಾಂಶುಪಾಲರ ಕೋಣೆಯ ಮುಂದೆ ನಿಂತಿರುತ್ತಾನೆ.

ಇದು ಬರೀ ಭಯವಲ್ಲ. 2008ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ತಪ್ಪು ಮಾಡದವರಿಗೂ ನೋಟಿಸ್ ಬರಬಹುದೆಂದು ಪರೀಕ್ಷೆ ಮಾಡಿ ತೋರಿಸಿದರು. ಏನನ್ನೂ ಇಳಿಸಿಕೊಳ್ಳದ ಯಂತ್ರಗಳ ವಿಳಾಸಗಳಿಗೆ ಹಕ್ಕುಸ್ವಾಮ್ಯ ಉಲ್ಲಂಘನೆಯ ನೋಟಿಸ್ ಬರುವಂತೆ ಮಾಡಿದರು. ಆ ಯಂತ್ರಗಳಲ್ಲಿ ಪ್ರಿಂಟರುಗಳೂ ಇದ್ದವು. ಪ್ರಿಂಟರ್ ಸಿನಿಮಾ ನೋಡುವುದಿಲ್ಲ ಎಂದು ಎಲ್ಲರೂ ಒಪ್ಪುತ್ತಾರೆ. ಅದೇ ವಿಳಾಸ ಒಬ್ಬ ವಿದ್ಯಾರ್ಥಿಯದಾಗಿದ್ದರೆ ಅವನ ಮಾತನ್ನು ಯಾರು ನಂಬುತ್ತಿದ್ದರು?

ಒಳಗಿನಿಂದ ನೋಡಿದರೆ ಎಷ್ಟು ಕಾಣುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ವೆಬ್‌ಸೈಟುಗಳು ಬಹುತೇಕ ಎನ್‌ಕ್ರಿಪ್ಟ್ ಆಗಿರುವುದರಿಂದ, ಅಂದರೆ ನಡುವಿನವರು ಓದಲಾಗದ ಗುಪ್ತಲಿಪಿಯಲ್ಲಿರುವುದರಿಂದ, ಯಾವ ಸೈಟು, ಎಷ್ಟು ಡೇಟಾ, ಎಷ್ಟು ಹೊತ್ತು ಎಂಬುದಷ್ಟೇ ಸಾಮಾನ್ಯವಾಗಿ ಕಾಣುವುದು. ಟೊರೆಂಟನ್ನು ಅದರ ನಡಿಗೆಯಿಂದ ಗುರುತಿಸಬಹುದು: ಒಂದೇ ಲ್ಯಾಪ್‌ಟಾಪು ಏಕಕಾಲಕ್ಕೆ ಹತ್ತಾರು ಅಪರಿಚಿತ ವಿಳಾಸಗಳೊಡನೆ ಮಾತಾಡುತ್ತದೆ, ಹೊರಕ್ಕೂ ಬಹಳ ಕಳಿಸುತ್ತದೆ. ಒಳಗಿರುವುದು ಕದ್ದ ಸಿನಿಮಾವೋ, ಯಾರು ಬೇಕಾದರೂ ಹಂಚಬಹುದಾದ ಲಿನಕ್ಸ್ ಎಂಬ ಉಚಿತ ತಂತ್ರಾಂಶದ ಫೈಲೋ ಎಂಬುದನ್ನು ಆ ನಡಿಗೆ ಹೇಳುವುದಿಲ್ಲ. ಎಲ್ಲ ಡೇಟಾವನ್ನೂ ಮುಚ್ಚಿ ಬೇರೊಂದು ಸರ್ವರ್ ಮೂಲಕ ಕಳಿಸುವ ವಿಪಿಎನ್ ಹಾಕಿಕೊಂಡರೆ ಯಾವ ಸೈಟು ಎಂಬುದೂ ಸಾಮಾನ್ಯವಾಗಿ ಕಾಣದು. ಸಂಸ್ಥೆಯೇ ಕೊಟ್ಟ ಲ್ಯಾಪ್‌ಟಾಪಿನ ಮಾತು ಮಾತ್ರ ಬೇರೆ. ಅದರಲ್ಲಿ ನಿಗಾ ತಂತ್ರಾಂಶ ಹಾಕಿದ್ದರೆ ಪರದೆಯ ಮೇಲಿನದೆಲ್ಲವೂ ಕಾಣಬಹುದು. ಈ ವ್ಯತ್ಯಾಸವನ್ನು ಮಕ್ಕಳಿಗೆ ಮೊದಲ ದಿನವೇ, ಅರ್ಥವಾಗುವ ಮಾತಿನಲ್ಲಿ ಹೇಳಬೇಕು. ಸಣ್ಣ ಅಕ್ಷರದ ನಿಯಮಾವಳಿಗೆ ಸಹಿ ಹಾಕಿಸಿಕೊಂಡರೆ ಹೇಳಿದಂತಾಗುವುದಿಲ್ಲ.

ಕಾನೂನು ಇಷ್ಟೆಲ್ಲ ಇಣುಕಲು ಹೇಳುತ್ತದೆಯೇ? ಅಮೆರಿಕದಲ್ಲಿ 2008ರ ಉನ್ನತ ಶಿಕ್ಷಣ ಅವಕಾಶ ಕಾಯ್ದೆ ಕಾಲೇಜುಗಳು ಅಕ್ರಮ ಹಂಚಿಕೆ ತಡೆಯುವ ಯೋಜನೆ ಹೊಂದಿರಬೇಕು, ಅದರಲ್ಲಿ ಒಂದಾದರೂ ತಾಂತ್ರಿಕ ಉಪಾಯ ಇರಬೇಕು ಎಂದಿತು. ಬ್ಯಾಂಡ್‌ವಿಡ್ತ್‌ಗೆ, ಅಂದರೆ ಡೇಟಾ ಹರಿಯುವ ವೇಗಕ್ಕೆ, ಮಿತಿ ಹಾಕುವುದು, ಬಂದ ನೋಟಿಸುಗಳಿಗೆ ಚುರುಕಾಗಿ ಸ್ಪಂದಿಸುವುದು, ಇವೂ ಆ ಉಪಾಯಗಳ ಲೆಕ್ಕಕ್ಕೇ ಬಂದವು. ಹಾಗಾಗಿ, ಮಗು ಏನು ಓದುತ್ತದೆ, ಯಾರಿಗೆ ಬರೆಯುತ್ತದೆ ಎಂದು ನೋಡದೆಯೂ ಈ ಕೆಲಸ ಆಗುತ್ತದೆ. ಲಾಗುಗಳನ್ನು ಇಂತಿಷ್ಟು ದಿನ ಇಟ್ಟು ಅಳಿಸಿದರೂ ಆಗುತ್ತದೆ. ವರ್ಷಗಟ್ಟಲೆ ಕೂಡಿಟ್ಟ ಲಾಗ್ ಇನ್ನಾವುದೋ ಜಗಳಕ್ಕೆ ಬಳಕೆಯಾಗುತ್ತದೆಂಬ ಆತಂಕ ನನಗಿದೆ.

ಹಾಡು ಕಟ್ಟಿದವರ, ಸಿನಿಮಾ ಮಾಡಿದವರ ದುಡಿಮೆಗೆ ಬೆಲೆ ಸಿಗಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ನೋಟಿಸ್ ಬಂದ ದಿನ ವಿದ್ಯಾರ್ಥಿಯನ್ನು ಕರೆದು ಕೂರಿಸಿ, ಪಾಸ್‌ವರ್ಡ್ ಬೇರೆ ಯಾರಿಗಾದರೂ ಕೊಟ್ಟಿದ್ದೆಯಾ, ಆ ರಾತ್ರಿ ಲ್ಯಾಪ್‌ಟಾಪ್ ಯಾರ ಹತ್ತಿರ ಇತ್ತು, ಟೊರೆಂಟ್ ಹಂಚುತ್ತದೆ ಅಂತ ಗೊತ್ತಿತ್ತಾ ಎಂದು ಕೇಳಿ. ಇಂಟರ್‌ನೆಟ್ ಕಡಿತ ಮಾಡುವ ಮಾತು ಆಮೇಲೆ ಬರಲಿ.

ಈಗ ಪರದೆಯ ಮೇಲೆ ಒಂದು ಮಾದರಿ ನೋಟಿಸ್ ತೋರಿಸುತ್ತೇನೆ. ಹೆಸರು ಹುಡುಕುವ ಮೊದಲು ಅದರಲ್ಲಿರುವ ಸಮಯದ ಸಾಲನ್ನು ಓದಿ, ಅದು ಯಾವ ದೇಶದ ಗಡಿಯಾರ ಎಂದು ನನಗೆ ಹೇಳಿ.