ವಿಶ್ವಕೋಶದ ಮ್ಯಾಂಗನೀಸ್ ಲೇಖನ: ಯಾವುದಕ್ಕೆ ಎಷ್ಟು ಜಾಗ?

ಮಾನ್ಯ ಅಧ್ಯಕ್ಷರೇ, ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳಿಂದ ಬಂದಿರುವ ವಿಜ್ಞಾನ ಶಿಕ್ಷಕರೇ, ವಿದ್ಯಾರ್ಥಿ ಮಿತ್ರರೇ,

ವಿಶ್ವಕೋಶಕ್ಕೆ ಬರೆಯಲು ಆಸಕ್ತಿ ಇರುವವರಿಗಾಗಿ ಶಿವಮೊಗ್ಗದಲ್ಲಿ ಏರ್ಪಡಿಸಿರುವ ಈ ಶಿಬಿರದಲ್ಲಿ ನನಗೆ ಒಪ್ಪಿಸಿರುವ ವಿಷಯ, ಒಂದು ಮೂಲಧಾತುವಿನ ಲೇಖನವನ್ನು ಉತ್ತಮಪಡಿಸುವ ಬಗೆ. ಉದಾಹರಣೆಗೆ ಮ್ಯಾಂಗನೀಸನ್ನು ತೆಗೆದುಕೊಂಡಿದ್ದೇನೆ. ಇಲ್ಲಿಂದ ಸಾಗರದ ರಸ್ತೆಯಲ್ಲಿ ಸಿಗುವ ಕುಂಸಿಯ ಆಸುಪಾಸಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಅದಿರಿನ ಗಣಿಗಳಿದ್ದವು ಎಂಬುದು ಅದಕ್ಕೆ ಒಂದು ಕಾರಣವಾದರೂ ಮುಖ್ಯ ಕಾರಣ ಬೇರೆ ಇದೆ. ಈ ಧಾತುವಿನ ಬಗ್ಗೆ ನಾವು ಬರೆಯುವ ಲೇಖನಗಳಲ್ಲಿ ತಪ್ಪು ಮಾಹಿತಿ ಕಡಿಮೆ ಇರುತ್ತದೆ, ಆದರೆ ಹಂಚಿಕೆ ಕೆಟ್ಟಿರುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಕಂಡ, ಮ್ಯಾಂಗನೀಸಿನ ಸಂಯುಕ್ತವಾದ ಪೊಟ್ಯಾಸಿಯಂ ಪರ್ಮಾಂಗನೇಟಿನ ನೇರಳೆ ಬಣ್ಣಕ್ಕೆ ಎರಡು ಪ್ಯಾರಾ ಸಿಗುತ್ತದೆ, ಜಗತ್ತಿನ ಮ್ಯಾಂಗನೀಸಿನ ಬಹುಪಾಲನ್ನು ನುಂಗುವ ಉಕ್ಕಿಗೆ ಒಂದೇ ಸಾಲು. ಈ ಹಂಚಿಕೆಯನ್ನು ಸರಿಪಡಿಸುವುದೇ ನಮ್ಮ ಮೊದಲ ಕೆಲಸವೆಂದು ನಾನು ತಿಳಿದಿದ್ದೇನೆ.

ಹಾಗಾಗಿ ಉಕ್ಕಿನಿಂದಲೇ ಆರಂಭಿಸುತ್ತೇನೆ. ಕಬ್ಬಿಣದಲ್ಲಿ ಸ್ವಲ್ಪವಾದರೂ ಗಂಧಕ ಉಳಿದೇ ಉಳಿಯುತ್ತದೆ. ಆ ಗಂಧಕ ಕಬ್ಬಿಣದೊಡನೆ ಕೂಡಿ ಆಗುವ ಸಲ್ಫೈಡು, ಲೋಹ ಗಟ್ಟಿಯಾಗುವಾಗ ಹರಳುಗಳ ನಡುವಿನ ಅಂಚುಗಳಲ್ಲಿ ತೆಳುವಾದ ಪೊರೆಯಂತೆ ಸೇರಿಕೊಳ್ಳುತ್ತದೆ. ಕಬ್ಬಿಣ ಮತ್ತು ಈ ಸಲ್ಫೈಡಿನ ಮಿಶ್ರಣ ಸುಮಾರು 988 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ಉಕ್ಕನ್ನು ಕಾಯಿಸಿ ಹಾಳೆಯಾಗಿಯೋ ಸರಳಾಗಿಯೋ ಒತ್ತುವ ಉಷ್ಣತೆ ಅದಕ್ಕಿಂತ ಹೆಚ್ಚಿನದಾದ್ದರಿಂದ, ಹೊರಗೆ ಗಟ್ಟಿಯಾಗಿ ಕಾಣುವ ಲೋಹ ಒಳಗೆ ಅಂಚು ಅಂಚಿನಲ್ಲಿ ದ್ರವವಾಗಿ, ಒತ್ತಿದೊಡನೆ ಬಿರುಕು ಬಿಡುತ್ತದೆ. ಮ್ಯಾಂಗನೀಸ್ ಸೇರಿಸಿದರೆ ಗಂಧಕ ಕಬ್ಬಿಣವನ್ನು ಬಿಟ್ಟು ಅದನ್ನು ಹಿಡಿಯುತ್ತದೆ. ಆಗ ಹುಟ್ಟುವ ಮ್ಯಾಂಗನೀಸ್ ಸಲ್ಫೈಡ್ ಕರಗಲು 1600 ಡಿಗ್ರಿಗೂ ಹೆಚ್ಚಿನ ಕಾವು ಬೇಕು, ಮತ್ತು ಅದು ಪೊರೆಯಾಗಿ ಹರಡದೆ ಬಿಡಿ ಬಿಡಿ ಕಣಗಳಾಗಿ ಉಳಿಯುತ್ತದೆ. ಇದರ ಜೊತೆಗೆ ಕರಗಿದ ಉಕ್ಕಿನಲ್ಲಿರುವ ಆಮ್ಲಜನಕವನ್ನೂ ಮ್ಯಾಂಗನೀಸ್ ಹೀರಿ ಕಿಟ್ಟಕ್ಕೆ, ಅಂದರೆ ಮೇಲೆ ತೇಲುವ ಕಲ್ಮಶಕ್ಕೆ, ಸೇರಿಸುತ್ತದೆ. "ಉಕ್ಕನ್ನು ಗಟ್ಟಿಗೊಳಿಸಲು ಬಳಸುತ್ತಾರೆ" ಎಂಬ ಒಂದೇ ಸಾಲಿನಲ್ಲಿ ಇದಾವುದೂ ಇಲ್ಲ. ಆ ಸಾಲು ಸುಳ್ಳಲ್ಲ, ಆದರೆ ಅದನ್ನು ಓದಿದವನಿಗೆ ಏನೂ ತಿಳಿದಂತಾಗುವುದಿಲ್ಲ.

ಈ ವಿಭಾಗಕ್ಕೆ ಇತಿಹಾಸವನ್ನೂ ಹೊಂದಿಸಬಹುದು. 1856ರಲ್ಲಿ ಹೆನ್ರಿ ಬೆಸೆಮರ್ ಕರಗಿದ ಬೀಡುಕಬ್ಬಿಣದ ಮೂಲಕ ಗಾಳಿ ಊದಿ ಇಂಗಾಲವನ್ನು ಸುಡುವ ವಿಧಾನವನ್ನು ಪ್ರಕಟಿಸಿದಾಗ, ಅದರಿಂದ ಬಂದ ಲೋಹ ಅನೇಕ ಕಡೆ ಒಡಕಲಾಗಿತ್ತು. ಮ್ಯಾಂಗನೀಸ್ ಮತ್ತು ಇಂಗಾಲ ಹೆಚ್ಚಾಗಿರುವ ಸ್ಪೀಗಲ್ ಕಬ್ಬಿಣವನ್ನು ಕೊನೆಯಲ್ಲಿ ಬೆರೆಸಿದರೆ ದೋಷ ನೀಗುತ್ತದೆ ಎಂದು ತೋರಿಸಿದವರು ರಾಬರ್ಟ್ ಮುಷೆಟ್. ಮುಂದೆ 1882ರಲ್ಲಿ ರಾಬರ್ಟ್ ಹ್ಯಾಡ್‌ಫೀಲ್ಡ್ ಸುಮಾರು ಶೇಕಡ 12ರಿಂದ 13ರಷ್ಟು ಮ್ಯಾಂಗನೀಸ್ ಇರುವ ಉಕ್ಕನ್ನು ತಯಾರಿಸಿದರು. ಪೆಟ್ಟು ಬಿದ್ದಷ್ಟೂ ಅದರ ಮೇಲ್ಮೈ ಗಡುಸಾಗುತ್ತದೆ. ರೈಲು ಹಳಿಗಳು ಒಂದನ್ನೊಂದು ದಾಟುವ ಜಾಗದಲ್ಲಿಯೂ ನಮ್ಮ ಜಲ್ಲಿ ಕ್ರಷರುಗಳಲ್ಲಿ ಕಲ್ಲನ್ನು ಅಗಿಯುವ ದವಡೆಗಳಲ್ಲಿಯೂ ಇರುವುದು ಈ ಬಗೆಯ ಉಕ್ಕು. ವಿದ್ಯಾರ್ಥಿಗಳಿಗೆ ಪರ್ಮಾಂಗನೇಟಿನ ಹರಳಿಗಿಂತ ಕ್ರಷರು ಹೆಚ್ಚು ಪರಿಚಿತ ಎಂಬುದನ್ನು ಬರೆಯುವವರು ನೆನಪಿಡಬೇಕು.

ಇನ್ನು ಲೇಖನದ ಪಕ್ಕದಲ್ಲಿ ಬರುವ ಗುಣಲಕ್ಷಣಗಳ ಪಟ್ಟಿ. ಪರಮಾಣು ಸಂಖ್ಯೆ 25, ಪರಮಾಣು ತೂಕ 54.938, ಸ್ಥಿರವಾದ ಸಮಸ್ಥಾನಿ (ಅದೇ ಧಾತುವಿನ, ತೂಕ ಬೇರೆಯಾದ ಪರಮಾಣು) ಒಂದೇ, ಅದರ ದ್ರವ್ಯರಾಶಿ ಸಂಖ್ಯೆ 55, ಇವುಗಳಲ್ಲಿ ವಿವಾದವಿಲ್ಲ. ತೊಡಕು ಬರುವುದು ಸಾಂದ್ರತೆಯಲ್ಲಿ. ಒಂದು ಆಕರದಲ್ಲಿ ಘನ ಸೆಂಟಿಮೀಟರಿಗೆ 7.2 ಗ್ರಾಂ ಎಂದಿದ್ದರೆ ಇನ್ನೊಂದರಲ್ಲಿ 7.4 ಎಂದಿರುತ್ತದೆ, ಇಬ್ಬರು ಸಂಪಾದಕರು ಒಬ್ಬರ ಸಂಖ್ಯೆಯನ್ನು ಒಬ್ಬರು ಅಳಿಸುತ್ತಾ ಕೂರುತ್ತಾರೆ. ಮ್ಯಾಂಗನೀಸ್ ಲೋಹಕ್ಕೆ ಉಷ್ಣತೆಗೆ ತಕ್ಕಂತೆ ನಾಲ್ಕು ರೂಪಗಳಿವೆ. ಸಾಮಾನ್ಯ ಉಷ್ಣತೆಯಲ್ಲಿ ಸ್ಥಿರವಾಗಿರುವ ಆಲ್ಫಾ ರೂಪದ ಒಂದು ಏಕಕೋಶದಲ್ಲಿ, ಅಂದರೆ ಹರಳಿನಲ್ಲಿ ಮತ್ತೆ ಮತ್ತೆ ಬರುವ ಅತಿ ಚಿಕ್ಕ ಘಟಕದಲ್ಲಿ, 58 ಪರಮಾಣುಗಳಿರುತ್ತವೆ. ಲೋಹಗಳಲ್ಲಿ ಇಂಥ ಜಟಿಲ ರಚನೆ ಬಲು ಅಪರೂಪ. ಆದ್ದರಿಂದ ಸಾಂದ್ರತೆಯನ್ನು ಬರೆಯುವಾಗ ಯಾವ ರೂಪ, ಯಾವ ಉಷ್ಣತೆ, ಯಾವ ಆಕರ ಎಂಬ ಮೂರನ್ನೂ ಸೇರಿಸಿ ಬರೆದರೆ ಜಗಳಕ್ಕೆ ಆಸ್ಪದವಿರುವುದಿಲ್ಲ.

ರಾಸಾಯನಿಕ ಗುಣಗಳ ವಿಭಾಗದಲ್ಲಿ ಉತ್ಕರ್ಷಣ ಸ್ಥಿತಿಗಳ, ಅಂದರೆ ಪರಮಾಣು ಎಷ್ಟು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟಿದೆ ಎಂಬುದರ, ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುವುದು ವಾಡಿಕೆ. ಆರ್ಗಾನಿನ ವಿನ್ಯಾಸದ ಹೊರಗೆ ಮ್ಯಾಂಗನೀಸಿಗೆ ಏಳು ಎಲೆಕ್ಟ್ರಾನುಗಳಿವೆ, 3ಡಿ ಎಂಬ ಕಕ್ಷಕಗಳಲ್ಲಿ (ಎಲೆಕ್ಟ್ರಾನುಗಳು ಇರುವ ನೆಲೆಗಳಲ್ಲಿ) ಐದು, 4ಎಸ್‌ನಲ್ಲಿ ಎರಡು. ಎರಡನ್ನು ಕಳೆದುಕೊಂಡರೆ 3ಡಿ ಸರಿಯಾಗಿ ಅರ್ಧ ತುಂಬಿ ಉಳಿಯುವುದರಿಂದ ಆ ಅಯಾನು ಸ್ಥಿರ. ಏಳನ್ನೂ ಬಿಟ್ಟುಕೊಟ್ಟ ಸ್ಥಿತಿ ಪರ್ಮಾಂಗನೇಟಿನದು. ಇಲ್ಲೊಂದು ಸೂಕ್ಷ್ಮವಿದೆ. ಸಂಕ್ರಮಣ ಧಾತುಗಳ ಬಣ್ಣಕ್ಕೆ ಡಿ ಎಲೆಕ್ಟ್ರಾನುಗಳ ಜಿಗಿತವೇ ಕಾರಣ ಎಂದು ನಾವು ಪಾಠದಲ್ಲಿ ಹೇಳುತ್ತೇವೆ. ಐದು ಡಿ ಎಲೆಕ್ಟ್ರಾನುಗಳಿರುವ ಅಯಾನಿನ ದ್ರಾವಣ ಕಂಡೂ ಕಾಣದಂಥ ತಿಳಿ ಗುಲಾಬಿ, ಏಕೆಂದರೆ ಅಲ್ಲಿ ಅಂಥ ಜಿಗಿತಕ್ಕೆ ಕ್ವಾಂಟಂ ನಿಯಮದ ಅಡ್ಡಿಯಿದೆ. ಒಂದೂ ಡಿ ಎಲೆಕ್ಟ್ರಾನ್ ಇಲ್ಲದ ಪರ್ಮಾಂಗನೇಟಿಗೆ ಅಷ್ಟು ಗಾಢವಾದ ಬಣ್ಣ ಬರುವುದು ಆಮ್ಲಜನಕದಿಂದ ಮ್ಯಾಂಗನೀಸಿಗೆ ಎಲೆಕ್ಟ್ರಾನ್ ದಾಟುವುದರಿಂದ. ನೇರಳೆ ಬಣ್ಣಕ್ಕೆ ಎರಡು ಪ್ಯಾರಾ ಕೊಡುವುದೇ ಆದರೆ ಅವು ಇದನ್ನು ಹೇಳಲಿ.

ಶೋಧದ ಕಥೆಯನ್ನು ಚುಟುಕಾಗಿ ಮುಗಿಸಬಹುದು. 1774ರಲ್ಲಿ ಸ್ವೀಡನ್ನಿನ ಕಾರ್ಲ್ ವಿಲ್‌ಹೆಲ್ಮ್ ಷೀಲೆ ಪೈರೊಲುಸೈಟ್ ಎಂಬ ಕಪ್ಪು ಖನಿಜದಲ್ಲಿ ಹೊಸ ಧಾತುವಿದೆ ಎಂದು ಗುರುತಿಸಿದರು, ಅದೇ ವರ್ಷ ಯೋಹಾನ್ ಗಾಟ್ಲೀಬ್ ಗಾನ್ ಆ ಖನಿಜವನ್ನು ಇದ್ದಿಲಿನೊಡನೆ ಕಾಯಿಸಿ ಲೋಹವನ್ನು ಬೇರ್ಪಡಿಸಿದರು. ಷೀಲೆಗೆ ಕ್ಲೋರಿನ್ ಸಿಕ್ಕಿದ್ದೂ ಇದೇ ಖನಿಜದ ಮೇಲಿನ ಕೆಲಸದಲ್ಲಿ.

ನಮಗೆ ಹೆಚ್ಚು ಎಚ್ಚರ ಬೇಕಾಗಿರುವುದು ಅದಿರಿನ ವಿಭಾಗದಲ್ಲಿ, ಏಕೆಂದರೆ ಊರಿನ ಅಭಿಮಾನ ಅಡ್ಡ ಬರುತ್ತದೆ. ಭಾರತದ ಮ್ಯಾಂಗನೀಸ್ ನಿಕ್ಷೇಪಗಳ ಕುರಿತು ಭೂವಿಜ್ಞಾನಿ ಲೂಯಿಸ್ ಲೀ ಫರ್ಮರ್ ಬರೆದ ಬೃಹತ್ ವರದಿ 1909ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಿಂದ ಪ್ರಕಟವಾಯಿತು. ಇಂದಿಗೂ ಅದು ಗಟ್ಟಿಯಾದ ಆಕರ. ಧಾರವಾಡ ಶಿಲಾವರ್ಗ ಎಂಬ ಬಹು ಪ್ರಾಚೀನ ಶಿಲೆಗಳ ಗುಂಪಿನ ಕಲ್ಲುಗಳು ಮೇಲ್ಭಾಗದಲ್ಲಿ ಶಿಥಿಲಗೊಂಡು, ಜಂಬಿಟ್ಟಿಗೆಯನ್ನು ಹೋಲುವ ರೀತಿಯಲ್ಲಿ ಮಾರ್ಪಟ್ಟು ರೂಪುಗೊಂಡ ಅದಿರನ್ನು ಫರ್ಮರ್ ಪ್ರತ್ಯೇಕ ವರ್ಗವಾಗಿ ಇಟ್ಟರು. ಸಂಡೂರು, ಶಿವಮೊಗ್ಗ, ಉತ್ತರ ಕನ್ನಡದ ಅದಿರುಗಳು ಈ ಬಗೆಯವು, ಇವುಗಳಲ್ಲಿ ಕಬ್ಬಿಣದ ಅಂಶವೂ ಸಾಕಷ್ಟು ಬೆರೆತಿರುತ್ತದೆ. ಆದರೆ ಜಗತ್ತಿನ ಲೆಕ್ಕದಲ್ಲಿ ಮುಖ್ಯವಾದದ್ದು ದಕ್ಷಿಣ ಆಫ್ರಿಕದ ಕಲಹಾರಿ ಪ್ರದೇಶ, ಬಳಿಕ ಗ್ಯಾಬನ್, ಆಸ್ಟ್ರೇಲಿಯ. ಭಾರತದೊಳಗೆ ಬಾಲಾಘಾಟ್, ನಾಗಪುರದ ಸುತ್ತಿನ ಪಟ್ಟಿ ಮತ್ತು ಒಡಿಶಾ. ಕನ್ನಡದ ಲೇಖನದಲ್ಲಿ ಕರ್ನಾಟಕಕ್ಕೆ ಒಂದು ಪ್ಯಾರಾ ನ್ಯಾಯವಾದದ್ದು, ಅದರಲ್ಲಿ ಕುಂಸಿಗೆ ಒಂದು ವಾಕ್ಯ. 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಇಲ್ಲಿಗೆ ಎಳೆದು ತರುವ ಆಸೆಯನ್ನು ತಡೆದುಕೊಳ್ಳಬೇಕು. ಅದಕ್ಕೆ ತನ್ನದೇ ಲೇಖನವಿರಬೇಕು. ಗಣಿಯ ಕೂಲಿಯ ಬಗ್ಗೆ ಮನೆಯ ಹಿರಿಯರು ಹೇಳಿದ ಮಾತು ಎಷ್ಟೇ ನಂಬಲರ್ಹವಾಗಿದ್ದರೂ, ಪ್ರಕಟವಾದ ಆಕರವಿಲ್ಲದೆ ಅದು ವಿಶ್ವಕೋಶಕ್ಕೆ ಬರುವಂತಿಲ್ಲ. ಅಂಥ ಮಾತುಗಳನ್ನು ಸಂಗ್ರಹಿಸಿ ಸ್ಥಳೀಯ ಇತಿಹಾಸದ ಪುಸ್ತಕವಾಗಿ ಪ್ರಕಟಿಸಿ, ಆಮೇಲೆ ಬೇರೆಯವರು ಅದನ್ನು ಉಲ್ಲೇಖಿಸಲಿ.

ಜೀವಿಗಳಿಗೆ ಸಂಬಂಧಿಸಿದ ಭಾಗದಲ್ಲಿ ದ್ಯುತಿಸಂಶ್ಲೇಷಣೆ ಮೊದಲು ಬರಬೇಕು. ಎಲೆಯಲ್ಲಿ ನೀರನ್ನು ಒಡೆದು ಆಮ್ಲಜನಕವನ್ನು ಬಿಡುಗಡೆ ಮಾಡುವ ಕೇಂದ್ರದಲ್ಲಿ ನಾಲ್ಕು ಮ್ಯಾಂಗನೀಸ್ ಪರಮಾಣುಗಳೂ ಒಂದು ಕ್ಯಾಲ್ಸಿಯಂ ಪರಮಾಣುವೂ ಇವೆ. ಜಪಾನಿನ ಸಂಶೋಧಕರು 2011ರಲ್ಲಿ ಅದರ ರಚನೆಯನ್ನು 1.9 ಆಂಗ್‌ಸ್ಟ್ರಾಮ್‌ನಷ್ಟು (ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಭಾಗ ಒಂದು ಆಂಗ್‌ಸ್ಟ್ರಾಮ್) ಸ್ಪಷ್ಟವಾಗಿ ಪ್ರಕಟಿಸಿದರು. ನಾವು ಉಸಿರಾಡುವ ಆಮ್ಲಜನಕಕ್ಕೂ ಈ ಧಾತುವಿಗೂ ಇರುವ ನಂಟು ಲೇಖನದ ಪೀಠಿಕೆಯಲ್ಲೇ ಇರಲು ಯೋಗ್ಯ. ಅಡಿಕೆಯ ಎಲೆಚುಕ್ಕೆ ರೋಗಕ್ಕೆ ನಮ್ಮ ಬೆಳೆಗಾರರು ಸಿಂಪಡಿಸುವ ಮ್ಯಾಂಕೋಜೆಬ್ ಕೂಡ ಮ್ಯಾಂಗನೀಸ್ ಮತ್ತು ಸತುವಿನ ಸಂಯುಕ್ತ. ಉಪಯೋಗಗಳ ಸಾಲಿನಲ್ಲಿ ಅದಕ್ಕೊಂದು ಉಲ್ಲೇಖ ಸಾಕು.

ಆರೋಗ್ಯದ ವಿಷಯವನ್ನು ಉದ್ದೇಶಪೂರ್ವಕವಾಗಿ ಕೊನೆಗೆ ಇಟ್ಟುಕೊಂಡಿದ್ದೇನೆ, ಏಕೆಂದರೆ ಓದುಗರು ಅದನ್ನು ನಂಬಿ ನಡೆಯುತ್ತಾರೆ. ಅದಿರಿನ ಧೂಳನ್ನು ಉಸಿರಾಡಿದ ಕಾರ್ಮಿಕರ ನಡಿಗೆ ಮತ್ತು ಮಾತು ಕೆಡುವುದನ್ನು 1837ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಜೇಮ್ಸ್ ಕೂಪರ್ ದಾಖಲಿಸಿದರು. ಧೂಳಾಗಿ ಒಳಹೋಗುವುದು ಬೇರೆ, ಆಹಾರದಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಅಗತ್ಯವಾಗಿ ಬೇಕಾಗುವುದು ಬೇರೆ, ಕುಡಿಯುವ ನೀರಿನ ಮೂಲಕ ಬರುವುದು ಬೇರೆ; ಈ ಮೂರನ್ನೂ ಒಂದೇ ವಾಕ್ಯದಲ್ಲಿ ಕಲಸಬಾರದು. ನೀರಿಗೆ ಸಂಬಂಧಿಸಿದಂತೆ ಭಾರತೀಯ ಮಾನಕ 10500ರಲ್ಲಿ ಸ್ವೀಕಾರಾರ್ಹ ಮಿತಿ ಲೀಟರಿಗೆ 0.1 ಮಿಲಿಗ್ರಾಂ, ಬೇರೆ ನೀರಿನ ಮೂಲ ಇಲ್ಲದಿದ್ದಲ್ಲಿ 0.3 ಎಂದಿದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತಾತ್ಕಾಲಿಕ ಮಾರ್ಗಸೂಚಿಯಾಗಿ 0.08 ಎಂದು ಸೂಚಿಸಿತು. ಹಳೆಯ ಲೇಖನಗಳಲ್ಲಿ ಇನ್ನೂ 0.4 ಎಂಬ ಅಂಕಿ ಉಳಿದಿರುವುದುಂಟು. ಕೊಳವೆಬಾವಿಯ ನೀರು ಪಾತ್ರೆಯಲ್ಲಿ ಕಪ್ಪು ಕಲೆ ಬಿಡುವುದನ್ನು ಕಂಡು ಮಾಹಿತಿ ಹುಡುಕುವವರು ಈ ವಿಭಾಗಕ್ಕೇ ಬರುತ್ತಾರೆ, ಆದ್ದರಿಂದ ಇಂದಿನ ಮಧ್ಯಾಹ್ನದ ಅವಧಿಯಲ್ಲಿ ಮೊದಲು ತಿದ್ದಬೇಕಾದದ್ದು ಈ ಅಂಕಿಗಳನ್ನು, ಆಮೇಲೆ ಉಕ್ಕಿನ ವಿಭಾಗವನ್ನು. ಬಣ್ಣದ ಪ್ಯಾರಾ ನಾಳೆಗಿರಲಿ.