ಮತ್ತೆ ಬರುವವರಿಂದ ನಡೆಯುವ ಅಧ್ಯಯನ

ಹಿರಿಯರಿಗೆಲ್ಲ ನಮಸ್ಕಾರ. ಅವರ ಜೊತೆಗೆ ಬಂದು ಕೂತಿರುವ ಮಕ್ಕಳಿಗೆ, ಸೊಸೆಯಂದಿರಿಗೆ, ಮೊಮ್ಮಕ್ಕಳಿಗೂ ನಮಸ್ಕಾರ. ಒಬ್ಬರನ್ನೇ ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸಿ ನೋಡುವ ದೀರ್ಘಕಾಲದ ಆರೋಗ್ಯ ಅಧ್ಯಯನಗಳ ಬಗ್ಗೆ ಇವತ್ತು ಮಾತಾಡುತ್ತೇನೆ.

ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಎಲ್ಲಿದೆ ಎಂದು ಕೇಳಿದರೆ ಎಷ್ಟೋ ಜನ ಯೋಚಿಸುತ್ತಾರೆ. ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ ಎಂದರೆ ಎಲ್ಲರಿಗೂ ಗೊತ್ತು. ಅಲ್ಲಿ 1934ರಿಂದ, ಅಂದರೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಿಂದ, ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುವ ಪದ್ಧತಿ ಇತ್ತು. ಬರೆದವರು ಹೆರಿಗೆ ವಾರ್ಡಿನವರು. ಅರವತ್ತು ವರ್ಷದ ಮೇಲೆ ಯಾರೋ ಬಂದು ಆ ಪುಸ್ತಕ ತೆರೆಯುತ್ತಾರೆ ಎಂಬ ಯೋಚನೆ ಅವರಿಗೆ ಇರಲು ಸಾಧ್ಯವಿಲ್ಲ. ಆದರೂ ಶ್ರದ್ಧೆಯಿಂದ ಬರೆದರು, ಆಮೇಲೆ ಬಂದವರು ಅದನ್ನು ಕಾಪಾಡಿದರು.

ಅತ್ತ ಇಂಗ್ಲೆಂಡಿನಲ್ಲಿ ಡೇವಿಡ್ ಬಾರ್ಕರ್ ಎಂಬ ವೈದ್ಯರು ಹರ್ಟ್‌ಫರ್ಡ್‌ಶೈರ್ ಪ್ರಾಂತ್ಯದಲ್ಲಿ 1911ರಿಂದ ಬರೆದಿಟ್ಟಿದ್ದ ಇಂಥದೇ ದಾಖಲೆಗಳನ್ನು ಹುಡುಕಿ ತೆಗೆದಿದ್ದರು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ, ದೊಡ್ಡವರಾದ ಮೇಲೆ ಹೃದಯದ ಕಾಯಿಲೆಯಿಂದ ಸಾಯುವುದು ಹೆಚ್ಚು ಎಂದು 1989ರಲ್ಲಿ ಅವರು ಪ್ರಕಟಿಸಿದಾಗ ತುಂಬ ಜನ ನಂಬಲಿಲ್ಲ. ನಮ್ಮಂಥ ದೇಶದಲ್ಲಿ ಇದನ್ನು ನೋಡಬೇಕು, ಇಲ್ಲಿ ತೂಕ ಕಡಿಮೆಯ ಮಕ್ಕಳು ಹೆಚ್ಚು, ಸಕ್ಕರೆ ಕಾಯಿಲೆಯೂ ಹೃದಯದ ಕಾಯಿಲೆಯೂ ಹೆಚ್ಚು. ಆಗ ಬಾರ್ಕರ್ ಅವರ ತಂಡದ ಡಾ. ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಮಿಷನ್ ಆಸ್ಪತ್ರೆಯ ಪುಸ್ತಕಗಳ ಕಡೆ ತಿರುಗಿದರು.

ಇನ್ನು ಆ ಮಕ್ಕಳನ್ನು ಹುಡುಕಬೇಕು. ಅದು ಎಂಥ ಕೆಲಸ ಎಂದು ಸ್ವಲ್ಪ ಯೋಚಿಸಿ. ಹುಟ್ಟಿದ ದಿನ ಮಗುವಿಗೆ ನಾಮಕರಣವೇ ಆಗಿರುವುದಿಲ್ಲ. ಹೆಣ್ಣುಮಗುವಾದರೆ ಮದುವೆಯಾಗಿ ಬೇರೆ ಊರಿಗೆ ಹೋಗಿರುತ್ತದೆ. ನಮ್ಮಲ್ಲಿ ಮನೆತನದ ಹೆಸರು ಎಲ್ಲರಿಗೂ ಇರುವುದಿಲ್ಲ. ಆಸ್ಪತ್ರೆಯ ಸುತ್ತಮುತ್ತ ಮನೆಮನೆ ವಿಚಾರಿಸಿ, ಹಳೆಯ ದಾಖಲೆಗೆ ತಾಳೆ ಹಾಕಿ, 1934ರಿಂದ 1954ರ ನಡುವೆ ಹುಟ್ಟಿದ್ದ 517 ಜನರನ್ನು ಪರೀಕ್ಷಿಸಿ 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 11 ಜನಕ್ಕೆ ಹೃದಯದ ರಕ್ತನಾಳದ ಕಾಯಿಲೆ; 3.1 ಕಿಲೋ ಮೇಲಿದ್ದವರಲ್ಲಿ ಶೇ. 3. ಐವತ್ತನೇ ವಯಸ್ಸಿನ ಎದೆನೋವಿಗೂ ಮಂಡಿ ಮೊಹಲ್ಲಾದ ಹೆರಿಗೆ ಕೋಣೆಯ ತಕ್ಕಡಿಗೂ ಸಂಬಂಧ ಇತ್ತು.

ಸಕ್ಕರೆ ಕಾಯಿಲೆಯ ವಿಷಯದಲ್ಲಿ ಮೈಸೂರು ಬೇರೆಯೇ ಉತ್ತರ ಕೊಟ್ಟಿತು. ಇಂಗ್ಲೆಂಡಿನಲ್ಲಿ ಸಣ್ಣಗೆ ಹುಟ್ಟಿದವರಿಗೆ ಅದು ಹೆಚ್ಚು. ಇಲ್ಲಿ ಉದ್ದ ಕಡಿಮೆ ಇದ್ದು ದುಂಡಗೆ ಹುಟ್ಟಿದವರಿಗೆ, ಮೈತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಿಗೆ ಹೆಚ್ಚು. ಹಾಗಾದರೆ ಬಸುರಿನಲ್ಲೇ ತಾಯಿಯ ರಕ್ತದಲ್ಲಿ ಸಕ್ಕರೆ ಏರಿತ್ತೇ? ಹಳೆಯ ಪುಸ್ತಕದಲ್ಲಿ ಅದಕ್ಕೆ ಉತ್ತರವಿಲ್ಲ. ಹೊಸದಾಗಿ ಶುರುಮಾಡದೆ ದಾರಿಯಿರಲಿಲ್ಲ. 1997ರಲ್ಲಿ ಅದೇ ಆಸ್ಪತ್ರೆಗೆ ತೋರಿಸಲು ಬರುತ್ತಿದ್ದ 830 ಬಸುರಿಯರನ್ನು ಸೇರಿಸಿಕೊಂಡು ಮೈಸೂರು ಪಾರ್ಥೆನಾನ್ ಅಧ್ಯಯನ ಆರಂಭವಾಯಿತು. ಐದು ವರ್ಷದ ನಂತರ ಆ ತಾಯಂದಿರು ಮಕ್ಕಳ ಕೈಹಿಡಿದು ಮತ್ತೆ ಬಂದರು. ಬಸುರಿನಲ್ಲಿ ಸಕ್ಕರೆ ಕಾಣಿಸಿಕೊಂಡಿದ್ದ ತಾಯಂದಿರಲ್ಲಿ ಶೇ. 37 ಮಂದಿಗೆ ಆ ವೇಳೆಗೆ ಸಕ್ಕರೆ ಕಾಯಿಲೆ ಬಂದಿತ್ತು. ಕಾಣಿಸಿಕೊಳ್ಳದೆ ಇದ್ದವರಲ್ಲಿ ಶೇ. 2 ಮಾತ್ರ.

ಹೆರಿಗೆಯಾದ ಮೇಲೆ ಸಕ್ಕರೆ ಇಳಿಯಿತು, ಇನ್ನೇನೂ ಭಯವಿಲ್ಲ ಎಂದು ನೆಮ್ಮದಿಯಾಗಿದ್ದ ಹೆಣ್ಣುಮಕ್ಕಳ ವಿಷಯ ಇದು. ಅವರು ಐದು ವರ್ಷದ ಮೇಲೆ ಇನ್ನೊಮ್ಮೆ ಬಂದು, ಖಾಲಿ ಹೊಟ್ಟೆಯಲ್ಲಿ ಕೂತು, ರಕ್ತ ಕೊಟ್ಟಿದ್ದರಿಂದ ಅದು ತಿಳಿಯಿತು. ಬಾರದೆ ಇದ್ದಿದ್ದರೆ ಮೊದಲನೇ ಸಲದ 830 ಹೆಸರುಗಳಿಂದ ಇಷ್ಟು ಹೇಳಲು ಆಗುತ್ತಿರಲಿಲ್ಲ. ಇವತ್ತು ನಾನು ನಿಮ್ಮ ಮುಂದೆ ಇಡಬೇಕೆಂದಿರುವುದು ಇದನ್ನೇ: ದೀರ್ಘಕಾಲದ ಅಧ್ಯಯನದಲ್ಲಿ ಹೆಸರು ಬರೆಸುವುದಕ್ಕಿಂತ ಮತ್ತೆ ಬರುವುದು ದೊಡ್ಡದು.

ಇದಕ್ಕೆ ಕಾರಣವಿದೆ. ನಾಳೆ ಒಂದೇ ದಿನದಲ್ಲಿ ಈ ಊರಿನ ಐವತ್ತರವರನ್ನೂ ಎಂಬತ್ತರವರನ್ನೂ ಪರೀಕ್ಷೆ ಮಾಡಿ ಹೋಲಿಸಿದೆ ಎಂದುಕೊಳ್ಳಿ. ಎಂಬತ್ತರವರಿಗೆ ನೆನಪು ಕಡಿಮೆ ಎಂದು ಕಂಡುಬರುತ್ತದೆ. ಅದು ವಯಸ್ಸಿನಿಂದಲೋ, ಅಥವಾ ಅವರು ಚಿಕ್ಕವರಿದ್ದಾಗ ಊರಿನಲ್ಲಿ ಶಾಲೆಯಿಲ್ಲದ್ದರಿಂದಲೋ, ಹೊಟ್ಟೆತುಂಬ ಊಟ ಸಿಗದ್ದರಿಂದಲೋ? ಒಂದು ದಿನದ ಪರೀಕ್ಷೆಯಿಂದ ಬಿಡಿಸಿ ಹೇಳುವುದಕ್ಕೆ ಆಗುವುದಿಲ್ಲ. ಒಬ್ಬರೇ ವ್ಯಕ್ತಿಯನ್ನು ಐವತ್ತೈದರಲ್ಲಿ, ಅರವತ್ತರಲ್ಲಿ, ಎಪ್ಪತ್ತರಲ್ಲಿ ನೋಡಿದರೆ ಮಾತ್ರ ಅವರಲ್ಲಿ ಏನು ಬದಲಾಯಿತು, ಯಾವುದು ಮೊದಲು ಬದಲಾಯಿತು ಎಂದು ತಿಳಿಯುತ್ತದೆ. ಮರೆವಿನ ಕಾಯಿಲೆಯಲ್ಲಿ ಈ ‘ಮೊದಲು’ ಬಹಳ ಮುಖ್ಯ. ಆಲ್‌ಝೈಮರ್ ಕಾಯಿಲೆಯಲ್ಲಿ ಮಿದುಳಿನೊಳಗಿನ ಬದಲಾವಣೆಗಳು, ಮನೆಯವರಿಗೆ ಮರೆವು ಕಾಣಿಸುವುದಕ್ಕೆ ಹತ್ತಾರು ವರ್ಷ ಮೊದಲೇ ಶುರುವಾಗಿರುತ್ತವೆ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಊರಿನ ಹೆಸರನ್ನು ವೈದ್ಯರ ಬಾಯಲ್ಲಿ ನೀವು ಕೇಳಿರಬಹುದು. 1948ರಲ್ಲಿ ಅಲ್ಲಿನ 5,209 ಜನರಿಂದ ಶುರುವಾದ ಅಧ್ಯಯನ, ಅವರ ಮಕ್ಕಳನ್ನು, ಮೊಮ್ಮಕ್ಕಳನ್ನೂ ಸೇರಿಸಿಕೊಂಡು ಇವತ್ತಿಗೂ ನಡೆದಿದೆ. ವಯಸ್ಸಾದಂತೆ ಬಿಪಿ ಏರುವುದು ಸಹಜ, ಅದಕ್ಕೆ ಔಷಧ ಬೇಡ ಎಂದು ದೊಡ್ಡ ವೈದ್ಯರೇ ಹೇಳುತ್ತಿದ್ದ ಕಾಲ ಅದು. ಆ ನಂಬಿಕೆ ಹೋಗಿದ್ದರಲ್ಲಿ, ಎರಡು ವರ್ಷಕ್ಕೊಮ್ಮೆ ತಪ್ಪದೆ ಬಂದು ತೋಳು ಚಾಚಿದ ಆ ಊರಿನವರ ಪಾಲು ದೊಡ್ಡದು. ಆದರೆ ಮೊದಲು ಸೇರಿದವರು ಬಹುಪಾಲು ಬಿಳಿಯರು. ಅವರ ದೇಹ, ಅವರ ಊಟ, ಅವರ ಕೆಲಸದ ಲೆಕ್ಕವನ್ನು ತಂದು ಕೋಲಾರದ ರೈತನಿಗೆ ಹಾಗೇ ಹೊಂದಿಸಲು ಬರುವುದಿಲ್ಲ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ನಮಗೆ ಮಾವಿನಹಣ್ಣಿನಿಂದ ಗೊತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಆ ತಾಲ್ಲೂಕಿನ ಹಳ್ಳಿಗಳಲ್ಲಿ ದೊಡ್ಡ ಅಧ್ಯಯನ ನಡೆಸುತ್ತಿದೆ. 45 ವರ್ಷ ದಾಟಿದ 10,000 ಜನರನ್ನು ಸೇರಿಸಿಕೊಂಡು ವರ್ಷಗಟ್ಟಲೆ ನೋಡಬೇಕೆಂಬುದು ಗುರಿ. ಬೆಂಗಳೂರು ನಗರದವರಿಗಾಗಿ ಟಾಟಾ ಟ್ರಸ್ಟ್ಸ್ ನೆರವಿನ, ಸುಮಾರು 1,000 ಜನರ ಗುರಿಯ ಇನ್ನೊಂದು ಅಧ್ಯಯನವಿದೆ. ರಕ್ತಪರೀಕ್ಷೆ, ನೆನಪಿನ ಪರೀಕ್ಷೆ, ಮಿದುಳಿನ ಎಂಆರ್‌ಐ ಎಲ್ಲ ಅದರಲ್ಲಿ ಸೇರಿವೆ. ಇಡೀ ದೇಶದ ಮಟ್ಟದಲ್ಲಿ ಮುಂಬೈನ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 2017-18ರಲ್ಲಿ 72,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು ವೃದ್ಧಾಪ್ಯದ ಅಧ್ಯಯನ ಶುರುಮಾಡಿತು. ಅದರ ಒಂದು ಭಾಗವಾಗಿ ಸುಮಾರು 4,000 ಹಿರಿಯರನ್ನು ವಿವರವಾಗಿ ಪರೀಕ್ಷಿಸಿದಾಗ, 60 ದಾಟಿದವರಲ್ಲಿ ಶೇ. 7.4 ಜನಕ್ಕೆ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಇದೆ, ಅಂದರೆ ದೇಶದಲ್ಲಿ ಸುಮಾರು 88 ಲಕ್ಷ ಜನ, ಎಂದು ಅಂದಾಜಾಯಿತು. ಹೆಂಗಸರಲ್ಲಿ, ಹಳ್ಳಿಯವರಲ್ಲಿ, ಓದು ಸಿಗದವರಲ್ಲಿ ಹೆಚ್ಚು. ನಾವು ಇವರನ್ನು ‘ಅರವತ್ತಕ್ಕೆ ಅರಳುಮರಳು’ ಎಂದು ಹೇಳಿ ಮೂಲೆಯಲ್ಲಿ ಕೂರಿಸಿಬಿಡುತ್ತೇವೆ. ಆ ಮಾತು ನನಗೆ ನೋವು ಕೊಡುತ್ತದೆ. ಅರವತ್ತು ದಾಟಿದ ನೂರರಲ್ಲಿ ತೊಂಬತ್ತೆರಡು ಜನಕ್ಕೆ ಬಾರದೆ ಇರುವುದು ವಯಸ್ಸಿನ ಸಹಜ ಗುಣ ಹೇಗಾದೀತು? ಅದು ಕಾಯಿಲೆ. ಡಾಕ್ಟರ ಹತ್ತಿರ ಹೋಗಬೇಕು.

ನೆನಪಿನ ಪರೀಕ್ಷೆಯ ಬಗ್ಗೆ ಒಂದು ಮಾತು. ಪರದೇಶದಲ್ಲಿ ತಯಾರಾದ ಪರೀಕ್ಷೆಗಳು ಗಡಿಯಾರದ ಚಿತ್ರ ಬರೆಯಿರಿ, ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದು ಕೇಳುತ್ತವೆ. ಪೆನ್ಸಿಲ್ಲನ್ನೇ ಹಿಡಿಯದ ಕೈಗೆ ಇಂಥದ್ದು ಕೊಟ್ಟರೆ ಅದು ನೆನಪಿನ ಪರೀಕ್ಷೆ ಆಗುವುದಿಲ್ಲ, ಶಾಲೆಯ ಪರೀಕ್ಷೆ ಆಗುತ್ತದೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಓದುಬರಹ ಇಲ್ಲದವರಿಗೆಂದೇ ಹಿಂದಿಯಲ್ಲಿ ಒಂದು ಪರೀಕ್ಷೆ ರೂಪಿಸಿದರು. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷೆಗಳು ಕನ್ನಡದಲ್ಲೂ ಇವೆ. ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು, ಹೊರಗೆ ಕನ್ನಡ. ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿದ ಡಾ. ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು ಎಂದು 2013ರಲ್ಲಿ ವರದಿ ಮಾಡಿದರು. ಅವರು ನೋಡಿದ್ದು ಆಸ್ಪತ್ರೆಗೆ ಬಂದ ರೋಗಿಗಳನ್ನು. ಆರೋಗ್ಯವಂತರನ್ನೇ ಹಿಡಿದು ವರ್ಷವರ್ಷ ನೋಡುತ್ತ ಹೋದರೆ ಇದು ಗಟ್ಟಿಯಾಗುತ್ತದೋ ಇಲ್ಲವೋ ತಿಳಿಯುತ್ತದೆ. ಎರಡು ಭಾಷೆಯ ನಡುವೆ ಬದುಕುವ ನಮ್ಮ ಗಡಿಸೀಮೆಯ ಹಿರಿಯರೇ ಅದಕ್ಕೆ ಸಾಕ್ಷಿ ಹೇಳಬೇಕು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯ. ಎರಡನೇ ಸುತ್ತಿಗೆ ಕರೆಯಲು ಹೋದಾಗ ಮನೆಯ ಹಿರಿಯರು ಹೇಳುವುದು, “ಅಯ್ಯೋ, ಹೋದ ಸಲ ಗಟ್ಟಿಯಾಗಿದ್ದೆ ಬಂದೆ. ಈಗ ಮಂಡಿ ಹಿಡಿದಿದೆ, ಕಣ್ಣು ಮಂಜಾಗಿದೆ, ಹೆಸರೂ ನೆನಪಿಗೆ ಬರಲ್ಲ. ನನ್ನನ್ನ ಬಿಟ್ಟುಬಿಡಿ, ಹುಷಾರಾಗಿರೋರನ್ನ ಕರ್ಕೊಂಡು ಹೋಗಿ.” ಸಂಕೋಚದಿಂದ ಹೇಳುವ ಮಾತು, ಒಳ್ಳೆಯ ಮನಸ್ಸಿನ ಮಾತು. ಆದರೆ ಅಧ್ಯಯನಕ್ಕೆ ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ. ಇಂಥ ಅಧ್ಯಯನಗಳಲ್ಲಿ ಬಿಟ್ಟುಹೋಗುವವರಲ್ಲಿ ಹೆಚ್ಚಿನವರು ವಯಸ್ಸಾದವರು, ಕಾಯಿಲೆ ಬಿದ್ದವರು, ನೆನಪು ಕುಂದಿದವರು. ಅವರೆಲ್ಲ ಹೋಗಿ ಗಟ್ಟಿಮುಟ್ಟಾದವರು ಮಾತ್ರ ಉಳಿದರೆ, ಹತ್ತು ವರ್ಷದ ಮೇಲೆ ಪುಸ್ತಕ ನೋಡಿದವನಿಗೆ ನಮ್ಮ ಊರಿನಲ್ಲಿ ಮುಪ್ಪು ಎಂದರೆ ಏನೂ ತೊಂದರೆಯಿಲ್ಲದ ಕಾಲ ಎಂದು ಕಾಣಿಸುತ್ತದೆ. ಆ ಸುಳ್ಳು ಲೆಕ್ಕದ ಮೇಲೆ ಸರ್ಕಾರ ಆಸ್ಪತ್ರೆ ಕಟ್ಟುತ್ತದೆ, ಪಿಂಚಣಿ ಯೋಚಿಸುತ್ತದೆ. ಮಂಡಿ ಹಿಡಿದ ಅಜ್ಜಿ ಬರಬೇಕು. ಬರಲು ಆಗದಿದ್ದರೆ ನಾವು ಅವರ ಮನೆಗೆ ಹೋಗಬೇಕು. ಹೋಗುವ ಏರ್ಪಾಡು ಇಲ್ಲದ ಅಧ್ಯಯನವನ್ನು ನಾನು ಪೂರ್ತಿಯಾದ ಅಧ್ಯಯನ ಎಂದು ಒಪ್ಪುವುದಿಲ್ಲ.

ಅಂದಮಾತ್ರಕ್ಕೆ ಕರೆದಾಗಲೆಲ್ಲ ಕೈಮುಗಿದು ಬನ್ನಿ ಎಂದು ನಾನು ಹೇಳುತ್ತಿಲ್ಲ. ಇಂಥ ಅಧ್ಯಯನ ಹೊಸ ಔಷಧ ಕೊಟ್ಟು ನೋಡುವ ಪ್ರಯೋಗವಲ್ಲ, ಅಳೆದು ಬರೆದುಕೊಳ್ಳುವ ಕೆಲಸ. ಹಾಗೆಯೇ ಇದು ಚಿಕಿತ್ಸೆಯೂ ಅಲ್ಲ. ಈ ಎರಡನ್ನೂ ಮೊದಲ ದಿನವೇ ನಿಮಗೆ ಹೇಳಬೇಕು. ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ನಿಮ್ಮ ಪರವಾಗಿದೆ. ಒಪ್ಪಿಗೆ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು. ಓದು ಬಾರದವರಿಗೆ, ಸಂಶೋಧನೆಯವರಿಗೆ ಸೇರದ ಒಬ್ಬ ಸಾಕ್ಷಿಯ ಎದುರು ಓದಿ ಹೇಳಿ ಆಮೇಲೆ ಹೆಬ್ಬೆಟ್ಟು ಹಾಕಿಸಬೇಕು. ಯಾವಾಗ ಬೇಕಾದರೂ ಕಾರಣ ಕೊಡದೆ ಬಿಡಬಹುದು, ಬಿಟ್ಟರೆ ಆಸ್ಪತ್ರೆಯಲ್ಲಿ ನಿಮಗೆ ಸಿಗುತ್ತಿದ್ದ ಚಿಕಿತ್ಸೆ ನಿಲ್ಲಬಾರದು. ಬಸ್ ಚಾರ್ಜು, ತಪ್ಪಿಹೋದ ಕೂಲಿ ಇವನ್ನು ಕೇಳಲು ನಾಚಬೇಡಿ. ಪತ್ರದ ಒಂದು ಪ್ರತಿ ನಿಮ್ಮ ಮನೆಯ ಪೆಟ್ಟಿಗೆಯಲ್ಲಿರಬೇಕು.

ನಮ್ಮ ಕಡೆಯ ಲೋಪವನ್ನೂ ಹೇಳಬೇಕು. ರಕ್ತ ತೆಗೆದುಕೊಂಡು ಹೋದ ಮೇಲೆ ಊರಿಗೆ ತಿರುಗಿ ನೋಡದ ಸಂಶೋಧಕರು ಇದ್ದಾರೆ. ಬಿಪಿ ಹೆಚ್ಚಿದೆ, ಸಕ್ಕರೆ ಹೆಚ್ಚಿದೆ ಎಂದು ಗೊತ್ತಾದ ಮೇಲೂ ತಿಳಿಸದೆ ಸುಮ್ಮನಿದ್ದರೆ ಅದು ಅನ್ಯಾಯ. ಊರಿನವರ ದೇಹದಿಂದ ಕಲಿತದ್ದನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಮಾತ್ರ ಬರೆದು, ಅದೇ ಊರಿನ ಅರಳಿಕಟ್ಟೆಯ ಮುಂದೆ ಕನ್ನಡದಲ್ಲಿ ಹೇಳದೆ ಹೋಗುವುದೂ ಅನ್ಯಾಯವೇ. ‘ನಮ್ಮ ರಕ್ತ ಮಾರುತ್ತಾರೆ’ ಎಂಬ ಗಾಳಿಮಾತು ಹುಟ್ಟುವುದು ಈ ಮೌನದಿಂದ. ಎರಡನೇ ಸುತ್ತಿಗೆ ಕರೆಯಲು ಬಂದವರನ್ನು ಕೂರಿಸಿ ಕೇಳಿ: ಮೊದಲನೇ ಸುತ್ತಿನಲ್ಲಿ ಏನು ತಿಳಿಯಿತು? ಉತ್ತರ ಹೇಳಬೇಕಾದ್ದು ಅವರ ಕರ್ತವ್ಯ.

ಸೇರಿದವರಿಗೆ ಕೆಲವು ಮಾತು. ಕನ್ನಡಕ, ಕಿವಿಯ ಯಂತ್ರ ಇದ್ದರೆ ಹಾಕಿಕೊಂಡೇ ಬನ್ನಿ, ಕೇಳಿಸದೆ ತಪ್ಪಿದ ಉತ್ತರ ಮರೆವಿನ ಲೆಕ್ಕಕ್ಕೆ ಹೋಗಬಾರದು. ನುಂಗುವ ಮಾತ್ರೆಗಳ ಹಾಳೆಯನ್ನೇ ತನ್ನಿ. ಬೀಡಿ, ಹೊಗೆಸೊಪ್ಪು, ಕುಡಿತ ಏನಿದ್ದರೂ ಇದ್ದಂತೆ ಹೇಳಿ. ಅಲ್ಲಿ ಬೈಯುವವರು ಯಾರೂ ಇರಬಾರದು. ನೆನಪಿನ ಪರೀಕ್ಷೆಯಲ್ಲಿ ಕೇಳಿದ ಪದಗಳನ್ನು ಹೊರಗೆ ಕಾದಿರುವ ಯಜಮಾನರಿಗೋ ಅಕ್ಕನಿಗೋ ಪ್ರೀತಿಯಿಂದ ಹೇಳಿಕೊಡಬೇಡಿ, ಅವರ ನಿಜವಾದ ಸ್ಥಿತಿ ಮುಚ್ಚಿಹೋಗುತ್ತದೆ. ಮನೆ ಬದಲಿಸಿದರೆ, ಮಗನ ಜೊತೆ ಬೆಂಗಳೂರಿಗೆ ಹೊರಟರೆ, ತಿಳಿಸಿ ಹೋಗಿ.

ಅಮೆರಿಕದಲ್ಲಿ 678 ಕ್ರೈಸ್ತ ಸಂನ್ಯಾಸಿನಿಯರು ಒಂದು ಅಧ್ಯಯನಕ್ಕೆ ಸೇರಿ, ಪ್ರತಿಯೊಬ್ಬರೂ ಸತ್ತ ಮೇಲೆ ಮಿದುಳನ್ನು ಕೊಡಲು ಒಪ್ಪಿದ್ದರು. ಮಿದುಳಿನಲ್ಲಿ ಆಲ್‌ಝೈಮರ್ ಗುರುತುಗಳು ತುಂಬಿದ್ದರೂ ಕೊನೆಯವರೆಗೆ ಬುದ್ಧಿ ಚುರುಕಾಗಿದ್ದವರು ಇದ್ದಾರೆಂದು ಅದರಿಂದ ಗೊತ್ತಾಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳಿನ ಸಂಗ್ರಹಾಲಯವಿದೆ. ಕೊಡಲೇಬೇಕೆಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಅದು ಮನೆಮಂದಿ ಕೂತು, ಅಂತ್ಯಕ್ರಿಯೆಯ ಪದ್ಧತಿಯನ್ನೂ ಯೋಚಿಸಿ, ನಿಧಾನವಾಗಿ ತೀರ್ಮಾನ ಮಾಡುವ ವಿಷಯ.

ಅಧ್ಯಯನಕ್ಕೆ ಸೇರಿರುವುದನ್ನಾದರೂ ಮನೆಯವರಿಗೆ ಹೇಳಿಡಿ. ನೆನಪು ಕುಂದುತ್ತ ಹೋದರೆ ನಿಮ್ಮ ಪರವಾಗಿ ಉತ್ತರ ಹೇಳಬೇಕಾದವರು ಮಗಳು, ಸೊಸೆ, ದಿನಾ ಜೊತೆಯಲ್ಲಿರುವವರು. ಅಮ್ಮ ಹೋದರು ಎಂದು ಫೋನ್ ಮಾಡಿ ತಿಳಿಸುವುದೂ, ಹೇಗೆ ಹೋದರು ಎಂದು ಕೇಳಲು ಬಂದವರಿಗೆ ತಾಳ್ಮೆಯಿಂದ ವಿವರಿಸುವುದೂ ಅವರೇ. ಆ ಕೊನೆಯ ಮಾಹಿತಿಯೂ ಬೇಕು, ಅದಿಲ್ಲದೆ ಇಪ್ಪತ್ತು ವರ್ಷದ ದಾಖಲೆ ಅರ್ಧಕ್ಕೆ ನಿಲ್ಲುತ್ತದೆ. ಈಗ ನೀವು ಕೇಳಿ, ನಾನು ಕೂತು ಉತ್ತರ ಹೇಳುತ್ತೇನೆ.