ಊರು ಹೇಳಿ, ಮನೆ ಹೇಳಬೇಡಿ

ಕೇಳುಗರಿಗೆ ನಮಸ್ಕಾರ.

ಮುಖ ನೋಡದ, ಹೆಸರೂ ಸರಿಯಾಗಿ ಗೊತ್ತಿಲ್ಲದ ಪರದೇಶದವರ ಜೊತೆ ಮೊಬೈಲಿನಲ್ಲಿ ಹರಟೆ ಹೊಡೆಯುವವರು ಈಗ ನಮ್ಮ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲೂ ಇದ್ದಾರೆ. ಕೆಲವರಿಗೆ ಇಂಗ್ಲಿಷ್ ಇಲ್ಲವೇ ಜರ್ಮನ್ ರೂಢಿಯಾಗಬೇಕು, ಕೆಲವರಿಗೆ ಸುಮ್ಮನೆ ಹೊತ್ತು ಹೋಗಬೇಕು. ಯಾವ ದೇಶದವರು ಸಿಕ್ಕರೂ ಮಾತು ಮೂರು ಕಡೆ ತಿರುಗುತ್ತದೆ. ನಿಮ್ಮ ಊರು ಯಾವುದು? ಮುಂದೆ ಏನಾಗಬೇಕು ಅಂತಿದ್ದೀರಿ? ನಿಮ್ಮ ದೇಶದವರೆಲ್ಲ ಹೀಗಂತೆ, ಹೌದಾ?

ಮೊದಲನೆಯ ಪ್ರಶ್ನೆಗೇ ನಮ್ಮವರು ಎಡವುತ್ತಾರೆ. ‘ಮಲೆನಾಡಿನ ಹೆಬ್ಬಾಗಿಲು, ಹಸಿರು ಸಿರಿ, ಜೋಗ ಜಲಪಾತ’ ಎಂದು ಪ್ರವಾಸೋದ್ಯಮದ ಫಲಕ ಓದಿದ ಹಾಗೆ ಬರೆಯುತ್ತಾರೆ. ಆ ಕಡೆಯಿಂದ ‘ನೈಸ್’ ಎಂದು ಒಂದು ಪದ ಬರುತ್ತದೆ, ಮಾತು ಅಲ್ಲಿಗೇ ತೀರುತ್ತದೆ. ಸಿರಿಗೆ ಯಾರೂ ಮರುಪ್ರಶ್ನೆ ಕೇಳಲಾರರು. ಕೇಳಲು ಏನಾದರೂ ಕೊಕ್ಕೆ ಬೇಕು.

ದಿಕ್ಕು ಹೇಳುವುದು ಸುಲಭ: ಬೆಂಗಳೂರಿನಿಂದ ವಾಯವ್ಯಕ್ಕೆ, ಸುಮಾರು 300 ಕಿಲೋಮೀಟರ್. ಅವರು ನಕ್ಷೆಯಲ್ಲಿ ಹುಡುಕುವುದಾದರೆ ಎರಡೂ ಹೆಸರು ಕೊಡಿ. 2014ರ ನವೆಂಬರ್ 1ರಿಂದ ಅಧಿಕೃತ ಹೆಸರು ಶಿವಮೊಗ್ಗವಾದರೂ ಹಳೆಯ ನಕ್ಷೆ, ಹಳೆಯ ಪುಸ್ತಕಗಳಲ್ಲಿ ಶಿಮೊಗಾ ಎಂದೇ ಇದೆ. ಮಳೆಯ ವಿಷಯದಲ್ಲಿ ಜಂಬ ಬೇಡ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಸುರಿಯುತ್ತದೆ ನಿಜ, ಲಂಡನ್ನಿನಲ್ಲಿ 600ರ ಆಸುಪಾಸು. ಆದರೆ ಶಿವಮೊಗ್ಗ ಪೇಟೆಯಲ್ಲಿ ಆಗುಂಬೆಯ ಕಾಲುಭಾಗವೂ ಬೀಳುವುದಿಲ್ಲ. ಪೇಟೆಯಲ್ಲಿ ಕೂತು ಆಗುಂಬೆಯ ಮಳೆಯನ್ನು ತನ್ನದೆಂದವನ ಸುಳ್ಳನ್ನು ಎದುರಿನವರು ಹವಾಮಾನದ ಆ್ಯಪ್ ತೆರೆದು ಅರೆಗಳಿಗೆಯಲ್ಲಿ ಹಿಡಿಯುತ್ತಾರೆ. ಜೋಗದ 253 ಮೀಟರ್ ಎತ್ತರ ಹೇಳಿದರೆ, ಏಪ್ರಿಲಿನಲ್ಲಿ ಅಲ್ಲಿ ಹೆಚ್ಚುಕಡಿಮೆ ಬರೀ ಬಂಡೆ ಕಾಣುತ್ತದೆ, ಶರಾವತಿಯ ನೀರು ಮೇಲೆ ಲಿಂಗನಮಕ್ಕಿಯಲ್ಲಿ ಕರೆಂಟಿಗಾಗಿ ನಿಂತಿರುತ್ತದೆ ಎಂಬುದನ್ನೂ ಹೇಳಿ. ಆಗ ಅವರೂ ತಮ್ಮ ಊರಿನ ಅಣೆಕಟ್ಟಿನ ಸುದ್ದಿ ತೆಗೆಯುತ್ತಾರೆ.

ನಮ್ಮಲ್ಲಿರುವ ಅತಿ ಒಳ್ಳೆಯ ಕೊಕ್ಕೆ ಅಡಿಕೆ. ಅದನ್ನು ಮಾತ್ರ ಯಾರೂ ಹೇಳುವುದಿಲ್ಲ, ದಿನಾ ನೋಡುವ ವಸ್ತುವಾದ್ದರಿಂದಲೋ ಏನೋ. ಕೊನೆಗಾರ ತೆಳ್ಳನೆಯ ಮರವೇರಿ ಕೊನೆ, ಅಂದರೆ ಅಡಿಕೆಯ ಗೊನೆ, ಇಳಿಸುತ್ತಾನೆ. ರಾತ್ರಿ ಜಗುಲಿಯಲ್ಲಿ ಸಾಲಾಗಿ ಕೂತು ಮೆಟ್ಟುಗತ್ತಿಯಲ್ಲಿ ಸುಲಿಯುತ್ತಾರೆ. ಹಸಿ ಅಡಿಕೆಯನ್ನು ಚೊಗರು, ಅಂದರೆ ಮೊದಲು ಅಡಿಕೆ ಬೇಯಿಸಿ ಉಳಿದ ಕೆಂಪು ರಸ, ಹಾಕಿ ಹಂಡೆಯಲ್ಲಿ ಬೇಯಿಸುತ್ತಾರೆ, ಆಮೇಲೆ ಅಂಗಳದ ಅಟ್ಟದಲ್ಲಿ ಬಿಸಿಲಿಗೆ ಹರವುತ್ತಾರೆ. ಹರವಿದಾಗ ಮೋಡ ಕವಿದರೆ ಬೂಸಲು, ಬೂಸಲು ಬಂದರೆ ದರವಿಲ್ಲ. ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದು ನೋಡಿ. ತೈವಾನಿನವರೋ ಪಪುವಾ ನ್ಯೂಗಿನಿಯವರೋ ಆದರೆ ಅವರಿಗೆ ಹೇಳಿಕೊಡುವ ಅಗತ್ಯವೇ ಇಲ್ಲ, ಅಲ್ಲಿ ಬೀದಿಬದಿಯಲ್ಲೇ ಅಡಿಕೆ ಮಾರುತ್ತಾರೆ.

ಫ್ರಾನ್ಸಿನವರಾದರೆ ಅಡಿಕೆಯ ಕೊಳೆರೋಗದ ಔಷಧಿಯ ಮಾತು ತೆಗೆಯಿರಿ. ಮುಂಗಾರಿನ ಮುಂಚೆ ನಾವು ಅಡಿಕೆಯ ಗೊನೆಗೆ ಹೊಡೆಯುವ ಶೇಕಡಾ ಒಂದರ ಬೋರ್ಡೋ ದ್ರಾವಣ, ಅಂದರೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮಳೆ ಹಿಡಿದೇ ಇದ್ದರೆ ನಲವತ್ತು, ನಲವತ್ತೈದು ದಿನಕ್ಕೆ ಇನ್ನೊಂದು ಸಲ. ಇದು 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ ಔಷಧಿ. ಅಲ್ಲಿ ಮನೆಯ ಹಿತ್ತಲಿನ ಟೊಮೆಟೊಗೂ ಇದನ್ನು ಹೊಡೆಯುವವರಿದ್ದಾರೆ. ಐರ್ಲೆಂಡಿನವರು ಸಿಕ್ಕರೆ ರೋಗದ ಬಗ್ಗೆಯೇ ಮಾತಾಡಬಹುದು. 1845ರಲ್ಲಿ ಅಲ್ಲಿ ಆಲೂಗಡ್ಡೆ ಕೊಳೆತು ಮಹಾಕ್ಷಾಮ ಬಂತಲ್ಲ, ಅದನ್ನು ತಂದ ರೋಗಾಣುವೂ ನಮ್ಮ ಕೊಳೆರೋಗದ್ದೂ ಒಂದೇ ಕುಲದವು, ಫೈಟಾಫ್ತೊರಾ. ಅಲ್ಲಿ ಆಲೂಗಡ್ಡೆಯ ಕಥೆ ಕೇಳದೆ ಬೆಳೆದವರು ಕಡಿಮೆ.

ಅಡಿಕೆ ಅಂದೊಡನೆ ಒಬ್ಬರಾದರೂ ‘ಅದು ಕ್ಯಾನ್ಸರ್ ತರುತ್ತದಲ್ಲ’ ಎನ್ನುತ್ತಾರೆ. ರೇಗಬೇಡಿ, ಇಲ್ಲ ಎಂದು ವಾದಿಸಲೂ ಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ 2004ರಲ್ಲಿ ಮೊದಲ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವೆನ್ನುವ ವಸ್ತುಗಳ ಗುಂಪಿಗೆ, ಸೇರಿಸಿದೆ. ಹೌದು ಸೇರಿಸಿದೆ, ನಮ್ಮ ಬೆಳೆಗಾರರು ಅದನ್ನು ಒಪ್ಪುವುದಿಲ್ಲ, ಜಿಲ್ಲೆಯ ಸಂಸಾರಗಳೆಷ್ಟೋ ಇದರ ಮೇಲೇ ನಿಂತಿವೆ, ಮೂರನ್ನೂ ಹೇಳಿ. ಊರಿನ ಜಗಳವನ್ನು ಮುಚ್ಚಿಡದೆ ಹೇಳಿದವರ ಮಾತನ್ನು ಜನ ನಂಬುತ್ತಾರೆ.

ಈಗ ಎಚ್ಚರಿಕೆಯ ಮಾತು. ಬೆಂಗಳೂರಿನವನು ‘ನಾನು ಜಯನಗರದವನು’ ಅಂದರೆ ಲಕ್ಷಾಂತರ ಜನರಲ್ಲಿ ಒಬ್ಬ. ನಮ್ಮಲ್ಲಿ ಹಾಗಲ್ಲ ಮಾರಾಯ್ರೆ! ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮೂರು ಮನೆಗೆ ಒಂದು ಊರು, ಕೆಲವು ಕಡೆ ಒಂದೇ ಮನೆಗೆ. ಊರ ಹೆಸರು ಹೇಳಿದರೆ ವಿಳಾಸ ಕೊಟ್ಟಂತೆಯೇ. ಆದ್ದರಿಂದ ತಾಲೂಕಿಗೇ ನಿಲ್ಲಿಸಿ. ಫೋಟೊ ಕಳಿಸುವಾಗ ಹೆಬ್ಬಾಗಿಲಿನ ಮನೆ ಹೆಸರು, ಬೈಕಿನ ನಂಬರು, ತಂಗಿಯ ಸಮವಸ್ತ್ರದ ಮೇಲಿನ ಶಾಲೆಯ ಲಾಂಛನ ಬಿದ್ದಿದೆಯೇ ನೋಡಿ. ಕಣ್ಣಿಗೆ ಕಾಣದ್ದೂ ಒಂದಿದೆ. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಟ್ಯಾಗ್ ಚಾಲೂ ಇದ್ದರೆ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಫೋಟೊದೊಳಗೇ ಕೂತಿರುತ್ತದೆ. ವಾಟ್ಸ್ಆ್ಯಪಿನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಅದು ಉದುರಿಹೋಗುತ್ತದೆ, ಆದರೆ ಚಿತ್ರ ಚೆನ್ನಾಗಿ ಕಾಣಲಿ ಎಂದು ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಹೋಗುತ್ತದೆ. ಟ್ಯಾಗನ್ನು ಮೊದಲೇ ಆರಿಸಿಬಿಡುವುದು ಒಳ್ಳೆಯದು.

ಹೊತ್ತಿನ ಲೆಕ್ಕ ಚುಟುಕಾಗಿ ಹೇಳುತ್ತೇನೆ. ನಮ್ಮ ರಾತ್ರಿ 9ಕ್ಕೆ ಬ್ರೆಜಿಲಿನ ಸಾವೊ ಪೌಲೊದಲ್ಲಿ ಮಧ್ಯಾಹ್ನ 12:30. ಜರ್ಮನಿಯಲ್ಲಿ ಬೇಸಿಗೆಗೆ ಸಂಜೆ 5:30, ಚಳಿಗಾಲಕ್ಕೆ 4:30. ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಅವರು ಗಡಿಯಾರ ತಿರುಗಿಸುವುದನ್ನು ಮರೆತು ಒಂದು ಗಂಟೆ ಕಾದು ಸಿಟ್ಟಾಗುವವರಿದ್ದಾರೆ. ಜಪಾನಿನವರ ಜೊತೆ ನಮ್ಮ ಸಂಜೆ 5:30ಕ್ಕೇ ಮಾತಾಡಬೇಕು, ಅಲ್ಲಾಗಲೇ ರಾತ್ರಿ 9. ಜುಲೈನಲ್ಲಿ ಕರೆಂಟ್ ಹೋಗಿ, ಟವರಿನ ಬ್ಯಾಟರಿಯೂ ಇಳಿದು ಎರಡು ದಿನ ಮಾಯವಾಗಬಹುದು ಎಂದು ಮೊದಲೇ ತಿಳಿಸಿ. ಇಲ್ಲವಾದರೆ ಬೇಕೆಂದೇ ಮಾತು ಬಿಟ್ಟಿರಿ ಎಂದುಕೊಳ್ಳುತ್ತಾರೆ. ಅನುವಾದದ ಆ್ಯಪ್ ಬಳಸುವವರು ಪ್ರತಿ ವಾಕ್ಯಕ್ಕೂ ಕರ್ತೃ ಹಾಕಿ. ‘ನಿನ್ನೆ ಹೇಳಿದ್ದರು, ಇವತ್ತು ಬಂದಿಲ್ಲ’ ಎಂದರೆ ನಮಗೆ ಅರ್ಥವಾಗುತ್ತದೆ, ಯಂತ್ರ ಅವನೋ ಅವಳೋ ಅವರೋ ಎಂದು ತನಗೆ ತೋಚಿದ್ದನ್ನು ಹಾಕುತ್ತದೆ.

ಇನ್ನು ‘ನಿಮ್ಮವರೆಲ್ಲ ಹೀಗಂತೆ’ ಎನ್ನುವ ಮಾತು. ಇಂಡಿಯಾದವರೆಲ್ಲ ಹಿಂದಿ ಆಡುತ್ತಾರಂತೆ, ಎಲ್ಲರೂ ಸಾಫ್ಟ್‌ವೇರ್ ಅಂತೆ, ಫೋನ್ ಮಾಡಿ ಮೋಸ ಮಾಡುವವರೂ ನೀವೇ ಅಂತೆ. ಭಾಷಣ ಬಿಗಿಯುವ ಬದಲು ಒಂದೇ ಒಂದು ಸಂಖ್ಯೆ ಕೊಡಿ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರು 4.37 ಕೋಟಿ, ಪೋಲೆಂಡಿನ ಇಡೀ ಜನಸಂಖ್ಯೆಗಿಂತ ಹೆಚ್ಚು. ಹಿಂದಿಯ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ. ಮೋಸದ ಮಾತಿಗೆ ಉತ್ತರ ಅಷ್ಟು ಸಲೀಸಲ್ಲ, ಯಾಕೆಂದರೆ ನಾವೂ ನೈಜೀರಿಯಾದವರು ಅಂದ ಕೂಡಲೇ ಲಾಟರಿ ಇಮೇಲಿನ ಜೋಕು ಮಾಡುವವರೇ. ಅಲ್ಲಿನ ಹುಡುಗನಿಗೆ ಅದು ಚುಚ್ಚುವುದು ನಮಗೆ ಕಾಲ್‌ಸೆಂಟರಿನ ಜೋಕು ಚುಚ್ಚಿದಷ್ಟೇ. ಜರ್ಮನರು ಸಮಯಕ್ಕೆ ಸರಿಯಾಗಿ ಬರುವವರು ಎಂದು ಹೊಗಳಿದರೂ ಅವರು ನಗುತ್ತಾರೆ. 2024ರಲ್ಲಿ ಅಲ್ಲಿನ ರಾಷ್ಟ್ರೀಯ ರೈಲು ಕಂಪನಿಯ ದೂರಪ್ರಯಾಣದ ರೈಲುಗಳಲ್ಲಿ ಸಮಯಕ್ಕೆ ಬಂದದ್ದು ಶೇಕಡಾ 62.5, ಅದೂ ಆರು ನಿಮಿಷಕ್ಕಿಂತ ಕಡಿಮೆ ತಡವನ್ನು ಲೆಕ್ಕಕ್ಕೆ ಹಿಡಿಯದೆ. ಬ್ರೆಜಿಲಿನವರಿಗೆ ಸ್ಪ್ಯಾನಿಷಿನಲ್ಲಿ ನಮಸ್ಕಾರ ಹೇಳಬೇಡಿ, ಅವರದು ಪೋರ್ಚುಗೀಸ್.

ಇವೆಲ್ಲ ಎಷ್ಟು ನಿಜ ಎಂದು ಅಳೆದವರೂ ಇದ್ದಾರೆ. 49 ಸಂಸ್ಕೃತಿಗಳನ್ನು ಒಳಗೊಂಡ ಒಂದು ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಜನ ತಮ್ಮ ದೇಶದವರ ಸ್ವಭಾವ ಇಂಥದು ಎಂದು ಹೇಳಿದ್ದಕ್ಕೂ, ಅಲ್ಲಿಯ ಬಿಡಿ ವ್ಯಕ್ತಿಗಳ ಸ್ವಭಾವ ಅಳೆದು ತೆಗೆದ ಸರಾಸರಿಗೂ ತಾಳೆಯೇ ಬೀಳಲಿಲ್ಲ. ಬೇರೆಯವರ ಬಗ್ಗೆ ಇರಲಿ, ತಮ್ಮವರ ಬಗ್ಗೆ ಹೇಳಿದ್ದೇ ತಪ್ಪು! ಘಟ್ಟದ ಮೇಲಿನವರು ಸೋಮಾರಿಗಳು, ಕೆಳಗಿನವರು ಲೆಕ್ಕಾಚಾರದವರು ಎನ್ನುವ ನಮ್ಮ ಮಾತಿಗೂ ಇದನ್ನು ಹಿಡಿದು ನೋಡಬಹುದು.

ಉಳಿದದ್ದು ಕೆಲಸದ ಕನಸು. ಗುರುತಿಲ್ಲದವರನ್ನು ಸಂಬಳ ಎಷ್ಟು ಎಂದು ಕೇಳುವುದು ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ನಡೆಯುತ್ತದೆ, ಯುರೋಪಿನವರಿಗೆ ಮುಜುಗರ. ಬದಲಿಗೆ, ಈ ಕೆಲಸಕ್ಕೆ ಯಾವ ಕಾಗದಪತ್ರ ಬೇಕಾಯಿತು, ಎಷ್ಟು ತಿಂಗಳು ಹಿಡಿಯಿತು, ಕೋಣೆ ಬಾಡಿಗೆ ಎಷ್ಟು ಎಂದು ಕೇಳಿ. ಯಾವ ಜಾಹೀರಾತೂ ಹೇಳದ ಸಂಗತಿ ಅಲ್ಲಿ ಸಿಗುತ್ತದೆ. ಜರ್ಮನಿಯಲ್ಲಿ ನರ್ಸ್ ಆಗಲು ಸಾಮಾನ್ಯವಾಗಿ ಬಿ2 ಮಟ್ಟದ, ಅಂದರೆ ಯುರೋಪಿನ ಆರು ಮೆಟ್ಟಿಲಿನ ಭಾಷಾ ಅಳತೆಯಲ್ಲಿ ನಾಲ್ಕನೆಯ ಮೆಟ್ಟಿಲಿನ, ಜರ್ಮನ್ ಬೇಕು. ಓದಲು ಹೋಗುವವರು ಒಂದು ವರ್ಷದ ಖರ್ಚನ್ನು ತಡೆಹಿಡಿದ ಖಾತೆಯಲ್ಲಿ ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಅದು 11,904 ಯೂರೋಗೆ ಏರಿತು, ಹತ್ತು ಲಕ್ಷ ರೂಪಾಯಿಗೂ ಮೇಲೆ. ಹಣ ನಿಮ್ಮದೇ, ಅಲ್ಲಿ ತಿಂಗಳಿಗೆ 992ರಂತೆ ವಾಪಸ್ ಬರುತ್ತದೆ. ಮಾತಿನಲ್ಲಿ ಕೇಳಿದ್ದನ್ನು ದೂತಾವಾಸದ ಜಾಲತಾಣದಲ್ಲಿ ನೋಡಿಯೇ ಮುಂದುವರಿಯಿರಿ.

ನೀವು ಕೇಳದೆ ಅವರೇ ಕೆಲಸ ಕೊಡಿಸುತ್ತೇನೆ ಎಂದರೆ ಅಲ್ಲೇ ನಿಲ್ಲಿ. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಎಂದು ಪ್ರವಾಸಿ ವೀಸಾದಲ್ಲಿ ಕರೆಸಿ, ಗಡಿ ದಾಟಿಸಿ, ಮ್ಯಾನ್ಮಾರಿನ ಮ್ಯಾವಡಿಯಲ್ಲಿ ಕೂಡಿಹಾಕಿ ಆನ್‌ಲೈನ್ ಮೋಸದ ಕೆಲಸಕ್ಕೆ ಹಚ್ಚಿದ ಪ್ರಕರಣಗಳಲ್ಲಿ ಭಾರತದವರು ಬಹಳ ಮಂದಿ ಸಿಕ್ಕಿಬಿದ್ದಿದ್ದಾರೆ. ಏಜೆಂಟರ ಹೆಸರನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದ ನೋಂದಾಯಿತ ಪಟ್ಟಿಯಲ್ಲಿ ಹುಡುಕಿ. ಅಂಥವರು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಲಕ್ಷ ಕೇಳಿದರೆ ಮಾತು ಮುಗಿಯಿತು.

ದುಡ್ಡು ಹೋಗಿಯೇಬಿಟ್ಟಿದ್ದರೆ ಮನೆಯವರಿಗೆ ಹೇಗೆ ಹೇಳಲಿ ಎಂದು ಬೆಳಗಿನವರೆಗೆ ಕಾಯಬೇಡಿ. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಬ್ಯಾಂಕ್ ಮೆಸೇಜಿನಲ್ಲಿರುವ ಯುಟಿಆರ್ ಸಂಖ್ಯೆ (ಆ ವಹಿವಾಟಿನ ಗುರುತಿನ ಸಂಖ್ಯೆ), ಮೊತ್ತ, ಗಂಟೆ, ಎದುರಿನವರ ಐಡಿ ಕೈಯಲ್ಲಿರಲಿ. ಸಿಟ್ಟಿಗೆ ಚಾಟ್ ಅಳಿಸಬೇಡಿ. ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಬ್ಲಾಕ್.

ನಮಸ್ಕಾರ.